ರಜೆಗೆ ಇಡೀ ಮನೆ ಬುಕ್ ಮಾಡ್ತೀರಾ? ಮೊದಲು ಆ ಊರಿನ ನಿಯಮ ನೋಡಿ

"ಮೂರು ತಿಂಗಳ ಹಿಂದೆ ಬುಕ್ ಮಾಡಿದ ಮನೆ ಈಗ ಕ್ಯಾನ್ಸಲ್ ಆಗಿದೆ, ಏನು ಮಾಡೋದು?" "ಲಿಸ್ಟಿಂಗ್‌ನಲ್ಲಿ ಆರು ಜನ ಅಂತ ಇದೆ, ಆದರೆ ಆ ಊರಿನಲ್ಲಿ ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ ಅಂತಾರೆ, ಯಾವುದು ನಿಜ?" ರಜೆ ಹತ್ತಿರ ಬಂದಾಗಲೆಲ್ಲ ಓದುಗರು ಇಂಥದ್ದನ್ನೇ ಕೇಳುತ್ತಾರೆ. ಪ್ರಶ್ನೆ ಬೇರೆ ಬೇರೆ, ಬೇರು ಒಂದೇ. ಜಗತ್ತಿನ ಹಲವು ಊರುಗಳು ಪ್ರವಾಸಿಗರಿಗೆ ಮನೆ ಕೊಡುವುದಕ್ಕೆ ಕಟ್ಟುಪಾಡು ಹಾಕಿವೆ. ಅದು ಬುಕಿಂಗ್ ಆ್ಯಪ್‌ನ ಫೋಟೊಗಳಲ್ಲಿ ಕಾಣುವುದಿಲ್ಲ.

ಕೆಲವು ದಿನ ಅಥವಾ ಕೆಲವು ವಾರಕ್ಕೆ ಮನೆಯನ್ನು ಬಾಡಿಗೆಗೆ ಕೊಡುವುದೇ ಅಲ್ಪಾವಧಿ ಬಾಡಿಗೆ. ಬಹಳ ಕಡೆ 30 ದಿನಕ್ಕಿಂತ ಕಡಿಮೆಯದ್ದನ್ನು ಹಾಗೆ ಕರೆಯುತ್ತಾರೆ. ಮನೆ ಕೊಡುವವರು ಹೋಸ್ಟ್, ಆ್ಯಪ್‌ನಲ್ಲಿ ಆ ಮನೆಯ ಪುಟವೇ ಲಿಸ್ಟಿಂಗ್. ಪ್ರವಾಸಿಗರಿಗೆ ಕೊಟ್ಟರೆ ಜಾಸ್ತಿ ದುಡ್ಡು ಬರುತ್ತದೆ ಎಂದು ಮಾಲೀಕರೆಲ್ಲ ಅತ್ತ ಹೊರಳಿದಾಗ ಊರಿನವರಿಗೇ ಬಾಡಿಗೆ ಮನೆ ಸಿಗುವುದಿಲ್ಲ. ನಿಯಮಗಳು ಹುಟ್ಟಿದ್ದು ಹೆಚ್ಚಾಗಿ ಈ ಸಿಟ್ಟಿನಿಂದ. ಸಿಟ್ಟು ನ್ಯಾಯವಾದದ್ದೇ. ಆದರೆ ಒಂದು ಮಾತು ತಲೆಯಲ್ಲಿರಲಿ: ನಿಯಮ ಮುರಿದರೆ ದಂಡ ಬೀಳುವುದು ಬಹುತೇಕ ಕಡೆ ಹೋಸ್ಟ್‌ಗೆ. ರಜೆ ಹಾಳಾಗುವುದು ಮಾತ್ರ ನಿಮ್ಮದು. ಹಾಗಾಗಿ "ಅದು ಅವರ ತಲೆನೋವು" ಎಂದು ಬಿಡುವ ಹಾಗಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮನೆ ಇಷ್ಟಪಟ್ಟ ಮೇಲೆ ನಿಯಮ ಹುಡುಕಿದರೆ ಮನಸ್ಸು ಸುಮ್ನೆ ನೆಪ ಹುಡುಕಲು ಶುರು ಮಾಡುತ್ತದೆ.

1. ಮೊದಲು ತಲೆ ಎಣಿಸಿ

ಎಷ್ಟು ಜನ, ಯಾರ ವಯಸ್ಸೆಷ್ಟು, ಎಷ್ಟು ರಾತ್ರಿ, ಇಡೀ ಮನೆ ಬೇಕೇ ಬೇಕಾ ಅಥವಾ ಹೋಸ್ಟ್ ಇರುವ ಮನೆಯಲ್ಲಿ ಎರಡು ಕೋಣೆ ಆದರೂ ನಡೆಯುತ್ತದಾ? ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಿಯಮಗಳು ಬಂದು ತಾಗುವುದು ಇವೇ ನಾಲ್ಕು ವಿಷಯಕ್ಕೆ.

ಮಕ್ಕಳ ಲೆಕ್ಕದಲ್ಲಿ ಜನ ಜಾಸ್ತಿ ಎಡವುತ್ತಾರೆ. ಏರ್‌ಬಿಎನ್‌ಬಿಯಲ್ಲಿ 2 ವರ್ಷದೊಳಗಿನ ಕೂಸು ಅತಿಥಿಗಳ ಸಂಖ್ಯೆಗೆ ಸೇರುವುದಿಲ್ಲ, 2 ತುಂಬಿದ ಮಗು ಸೇರುತ್ತದೆ. ಇದು ಆ್ಯಪ್‌ನ ಲೆಕ್ಕ ಅಷ್ಟೇ. ಊರಿನ ನಿಯಮ ಅಥವಾ ಕಟ್ಟಡದ ಅಗ್ನಿ ಸುರಕ್ಷತೆಯ ಮಿತಿ ಕೂಸನ್ನೂ ಎಣಿಸಬಹುದು. "ಮಗು ನಮ್ಮ ಜೊತೆಗೇ ಮಲಗುತ್ತೆ" ಎಂದು ಒಂದು ತಲೆ ಕಡಿಮೆ ತೋರಿಸಬೇಡಿ. ಮಿತಿ ಮೀರಿದ್ದು ಗೊತ್ತಾದರೆ ಬಾಗಿಲಲ್ಲೇ ವಾಪಸ್ ಕಳಿಸುವ ಹಕ್ಕು ಹೋಸ್ಟ್‌ಗೆ ಸಿಕ್ಕಿಬಿಡುತ್ತದೆ. ಆಗ ದುಡ್ಡು ವಾಪಸ್ ಕೇಳಲು ನಿಮ್ಮ ಕೈಯಲ್ಲಿ ಆಧಾರವೇ ಇರುವುದಿಲ್ಲ.

2. ಆ ಊರಿನ ನಿಯಮ ಯಾವ ಜಾತಿಯದು ಎಂದು ತಿಳಿಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಸಾವಿರ ಊರಿಗೆ ಸಾವಿರ ನಿಯಮ ಎಂದು ಕಂಡರೂ ಹೆಚ್ಚಿನವು ಐದಾರು ಬಗೆಯೊಳಗೆ ಬರುತ್ತವೆ. ಬಗೆ ಗೊತ್ತಾದರೆ ಏನು ಕೇಳಬೇಕು ಎನ್ನುವುದೂ ಗೊತ್ತಾಗುತ್ತದೆ.

*ಕನಿಷ್ಠ ಅವಧಿ.* ಇಷ್ಟು ದಿನಕ್ಕಿಂತ ಕಡಿಮೆಗೆ ಮನೆ ಕೊಡುವಂತೆಯೇ ಇಲ್ಲ ಎನ್ನುವ ನಿಯಮ. ಸಿಂಗಪುರದಲ್ಲಿ ಖಾಸಗಿ ವಾಸದ ಮನೆಗೆ ಕನಿಷ್ಠ ಅವಧಿ 3 ತಿಂಗಳು. ಒಂದು ವಾರದ ರಜೆಗೆ ಅಲ್ಲಿ ಫ್ಲ್ಯಾಟ್ ಹುಡುಕುವುದೇ ವ್ಯರ್ಥ, ನೇರವಾಗಿ ಹೋಟೆಲ್ ನೋಡಿ. ಹವಾಯಿಯ ಒಅಹು ದ್ವೀಪದಲ್ಲಿ ರೆಸಾರ್ಟ್ ವಲಯಗಳ ಹೊರಗೆ, ಹಳೆಯ ಪರವಾನಗಿ ಇರುವ ಕೆಲವು ಮನೆ ಬಿಟ್ಟರೆ, ಕನಿಷ್ಠ 30 ದಿನ.

*ಹೋಸ್ಟ್ ಮನೆಯಲ್ಲೇ ಇರಬೇಕು.* ಇದಕ್ಕೆ ನ್ಯೂಯಾರ್ಕ್ ನಗರವೇ ಉದಾಹರಣೆ. ಅಲ್ಲಿ ಲೋಕಲ್ ಲಾ 18 ಎಂಬ ಕಾನೂನು 2023ರ ಸೆಪ್ಟೆಂಬರ್‌ನಿಂದ ಬಿಗಿಯಾಗಿ ಜಾರಿಯಲ್ಲಿದೆ. 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಹೋಸ್ಟ್ ನೋಂದಣಿ ಮಾಡಿಸಿರಬೇಕು, ನೀವು ಇರುವಷ್ಟು ದಿನ ತಾವೂ ಅಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ನಾಲ್ಕು ಜನರ ಕುಟುಂಬಕ್ಕೆ ಅಲ್ಲಿಗೆ ಬಾಗಿಲು ಮುಚ್ಚಿದಂತೆಯೇ. ಹೋಟೆಲ್‌ನಂತೆ ಅನುಮತಿ ಪಡೆದ ಕಟ್ಟಡಗಳ ಮಾತು ಬೇರೆ.

*ವರ್ಷಕ್ಕೆ ಇಷ್ಟೇ ರಾತ್ರಿ.* ಲಂಡನ್‌ನಲ್ಲಿ ಇಡೀ ಮನೆಯನ್ನು ವಿಶೇಷ ಅನುಮತಿ ಇಲ್ಲದೆ ವರ್ಷಕ್ಕೆ 90 ರಾತ್ರಿ ಕೊಡಬಹುದು. ಪ್ಯಾರಿಸ್‌ನಲ್ಲಿ ಹೋಸ್ಟ್ ತಾವೇ ವಾಸಿಸುವ ಮನೆಯ ಮಿತಿ 120 ದಿನ ಇತ್ತು, 2025ರ ಜನವರಿಯಿಂದ 90ಕ್ಕೆ ಇಳಿದಿದೆ. ಜಪಾನ್‌ನಲ್ಲಿ 2018ರ ಜೂನ್‌ನಲ್ಲಿ ಬಂದ ಮಿನ್ಪಾಕು ಕಾನೂನು, ಅಂದರೆ ವಾಸದ ಮನೆಯಲ್ಲಿ ಪ್ರವಾಸಿಗರನ್ನು ಇರಿಸುವ ಕಾನೂನು, ವರ್ಷಕ್ಕೆ 180 ದಿನ ಎನ್ನುತ್ತದೆ. ಕ್ಯೋಟೊ ಇನ್ನೂ ಬಿಗಿ: ಬರೀ ವಾಸಕ್ಕೆಂದು ಗುರುತಿಸಿದ ಬಡಾವಣೆಗಳಲ್ಲಿ ಬಹುತೇಕ ಮನೆಗಳಿಗೆ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಅವಕಾಶ. ಅಂದರೆ ಚೆರ್ರಿ ಹೂ ಬಿಡುವ ಹೊತ್ತಿಗೆ ಅವು ಮುಚ್ಚಿರುತ್ತವೆ.

ಈ ಬಗೆಯಲ್ಲಿ ಒಂದು ಗುಪ್ತ ಅಪಾಯ ಇದೆ. ಲಂಡನ್, ಪ್ಯಾರಿಸ್‌ನಂಥ ಕಡೆ ಏರ್‌ಬಿಎನ್‌ಬಿ ತಾನೇ ರಾತ್ರಿಗಳನ್ನು ಎಣಿಸಿ, ಮಿತಿ ಮುಗಿದಾಗ ಕ್ಯಾಲೆಂಡರ್ ಮುಚ್ಚುತ್ತದೆ. ಆದರೆ ಅದೇ ಮನೆ ಇನ್ನೆರಡು ಸೈಟ್‌ಗಳಲ್ಲೂ ಇದ್ದರೆ ಒಟ್ಟು ಲೆಕ್ಕ ಗೊತ್ತಿರುವುದು ಹೋಸ್ಟ್‌ಗೆ ಮಾತ್ರ. ಜನವರಿಯಿಂದ ಎಣಿಸುವ ಊರಿನಲ್ಲಿ ಡಿಸೆಂಬರ್ ರಜೆಗೆ ಬುಕ್ ಮಾಡುವವರು ಇದನ್ನು ಕೇಳಿಯೇ ತೀರಬೇಕು.

*ತಲೆ ಮಿತಿ.* ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಸದ ಮನೆಯನ್ನು ರಜೆಗೆ ಕೊಡುವಾಗ ಒಂದು ಸಲಕ್ಕೆ 4 ಜನ, ವರ್ಷಕ್ಕೆ ಹೆಚ್ಚೆಂದರೆ 30 ರಾತ್ರಿ. ಅಜ್ಜ ಅಜ್ಜಿಯೂ ಸೇರಿದರೆ ಲೆಕ್ಕ ತಪ್ಪಿತು, ಅಲ್ವಾ?

*ಸ್ವಂತ ವಾಸದ ಮನೆ ಮಾತ್ರ.* ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2024ರ ಮೇ 1ರಿಂದ, 10,000ಕ್ಕಿಂತ ಜಾಸ್ತಿ ಜನಸಂಖ್ಯೆಯ ಊರುಗಳಲ್ಲಿ ಹೋಸ್ಟ್ ತಾವು ವಾಸಿಸುವ ಮನೆ ಮತ್ತು ಅದಕ್ಕೆ ಸೇರಿದ ಒಂದು ಉಪಮನೆ ಮಾತ್ರ ಕೊಡಬಹುದು. ಅದೇ ಪ್ರಾಂತ್ಯದ ವಿಸ್ಲರ್‌ನಂಥ ರೆಸಾರ್ಟ್ ಊರಿಗೆ ಇದರಿಂದ ವಿನಾಯಿತಿ ಇದೆ. ದೇಶದ ಹೆಸರು ಹಾಕಿ ಹುಡುಕಿದರೆ ಸಾಲದು, ಊರಿನ ಹೆಸರು ಹಾಕಿ ಎನ್ನುವುದು ಇದಕ್ಕೇ.

*ಪರವಾನಗಿಗೇ ಬಾಗಿಲು.* ಫ್ಲಾರೆನ್ಸ್‌ನ ಹಳೇ ಪಟ್ಟಣದಲ್ಲಿ ಹೊಸ ರಜಾ ಮನೆಗಳಿಗೆ ಅವಕಾಶ ನಿಲ್ಲಿಸಿದ್ದಾರೆ. ಬಾರ್ಸಿಲೋನಾ ತನ್ನ 10,000ಕ್ಕೂ ಮೀರಿದ ಪ್ರವಾಸಿ ಫ್ಲ್ಯಾಟ್ ಪರವಾನಗಿಗಳನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು ಘೋಷಿಸಿದೆ. ಇದನ್ನು ಓದಿ "ಬಾರ್ಸಿಲೋನಾದಲ್ಲಿ ಮನೆ ಸಿಗಲ್ಲ" ಎಂದು ಕೈಬಿಡುವವರೂ ಇದ್ದಾರೆ. ಹಾಗೇನಿಲ್ಲ, ಅಲ್ಲಿಯವರೆಗೆ ಪರವಾನಗಿ ಇರುವ ಮನೆ ಕಾನೂನಿಗೆ ಸರಿಯಾದ ಮನೆಯೇ.

3. ನಿಯಮವನ್ನು ಮೂಲದಲ್ಲೇ ಓದಿ

ಊರಿನ ಹೆಸರಿನ ಜೊತೆ ಅಲ್ಪಾವಧಿ ಬಾಡಿಗೆ, ನೋಂದಣಿ ಎನ್ನುವ ಪದಗಳನ್ನು ಆ ದೇಶದ ಭಾಷೆಯಲ್ಲಿ ಹಾಕಿ ಹುಡುಕಿ. ನಗರಸಭೆ ಅಥವಾ ಪ್ರವಾಸೋದ್ಯಮ ಇಲಾಖೆಯ ಪುಟ ಸಿಕ್ಕರೆ ಬ್ರೌಸರ್‌ನ ಅನುವಾದ ಸಾಕು. ಆ್ಯಪ್‌ಗಳ ಸಹಾಯ ಪುಟಗಳಲ್ಲೂ ಊರುವಾರು ಮಾಹಿತಿ ಇರುತ್ತದೆ. ಅವು ಹೋಸ್ಟ್‌ಗಳಿಗೆಂದು ಬರೆದವು, ಆದರೂ ಓದಿ.

ಪುಟದ ದಿನಾಂಕ ನೋಡುವುದನ್ನು ಮರೆಯಬೇಡಿ. ಪ್ಯಾರಿಸ್ ಮಿತಿ 120 ದಿನ ಎಂದು ಹೇಳುವ ಹಳೇ ಲೇಖನಗಳು ಇಂಟರ್‌ನೆಟ್ ತುಂಬ ಇವೆ. ಯುರೋಪಿಗೆ ಹೋಗುವವರು ಇನ್ನೊಂದನ್ನು ಗಮನಿಸಿ: ಯುರೋಪಿಯನ್ ಒಕ್ಕೂಟದ ಹೊಸ ನಿಯಮವೊಂದು 2026ರ ಮೇ 20ರಿಂದ ಅನ್ವಯ. ನೋಂದಣಿ ಪದ್ಧತಿ ಇರುವ ಕಡೆ ಆ್ಯಪ್‌ಗಳು ನೋಂದಣಿ ಸಂಖ್ಯೆಯನ್ನು ತೋರಿಸಬೇಕು, ಆಗಾಗ ಪರಿಶೀಲಿಸಲೂಬೇಕು. ಗ್ರಾಹಕರಿಗೆ ಇದು ಒಳ್ಳೆಯದೇ. ಆದರೆ ಸಂಖ್ಯೆ ಇಲ್ಲದ ಲಿಸ್ಟಿಂಗ್‌ಗಳು ಒಮ್ಮೆಲೇ ಮಾಯವಾಗಬಹುದು. ಜಪಾನ್‌ನಲ್ಲಿ 2018ರಲ್ಲಿ ಕಾನೂನು ಜಾರಿಗೆ ಬರುವ ಮುನ್ನ ಆದದ್ದೂ ಇದೇ. ಏರ್‌ಬಿಎನ್‌ಬಿ ಸಾವಿರಾರು ಮನೆಗಳನ್ನು ಏಕಾಏಕಿ ತೆಗೆಯಿತು, ಮೊದಲೇ ಬುಕ್ ಮಾಡಿದ್ದವರು ಬೇರೆ ಜಾಗ ಹುಡುಕಬೇಕಾಯಿತು.

4. ಲಿಸ್ಟಿಂಗ್‌ನಲ್ಲಿ ನೋಂದಣಿ ಸಂಖ್ಯೆ ಹುಡುಕಿ

ನೋಂದಣಿ ಸಂಖ್ಯೆ ಎಂದರೆ ಈ ಮನೆಯನ್ನು ಪ್ರವಾಸಿಗರಿಗೆ ಕೊಡುತ್ತಿದ್ದಾರೆ ಎಂದು ಸರ್ಕಾರದ ಕಡತದಲ್ಲಿ ದಾಖಲಾದ ಗುರುತು. ಸಾಮಾನ್ಯವಾಗಿ ಲಿಸ್ಟಿಂಗ್‌ನ ತಳದಲ್ಲಿ, ವಿವರಣೆಯ ಕೊನೆಯಲ್ಲಿ ಇರುತ್ತದೆ. "ಇನ್ನಷ್ಟು ತೋರಿಸಿ" ಒತ್ತದಿದ್ದರೆ ಕಾಣುವುದೇ ಇಲ್ಲ.

ಇಟಲಿಯಲ್ಲಿ ಇದಕ್ಕೆ ಸಿಐಎನ್ ಎನ್ನುತ್ತಾರೆ. 2025ರಿಂದ ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಅದು ಕಾಣಬೇಕು. ಪೋರ್ಚುಗಲ್‌ನಲ್ಲಿ ಎಎಲ್ ಸಂಖ್ಯೆ. ಬಾರ್ಸಿಲೋನಾದ್ದು ಎಚ್‌ಯುಟಿಬಿ ಎಂದು ಶುರುವಾಗುತ್ತದೆ. ಸ್ಪೇನ್ ಇದರ ಮೇಲೆ 2025ರ ಜುಲೈನಿಂದ ರಾಷ್ಟ್ರಮಟ್ಟದ ಸಂಖ್ಯೆಯನ್ನೂ ಕಡ್ಡಾಯ ಮಾಡಿತು. ಜಪಾನ್‌ನ ಮಿನ್ಪಾಕು ಮನೆಗಳ ಸಂಖ್ಯೆ ಎಂ ಅಕ್ಷರದಿಂದ ಶುರು. ಅಲ್ಲಿ ಹೋಟೆಲ್ ಮತ್ತು ವಸತಿಗೃಹ ಕಾನೂನಿನ ಅಡಿ ಪರವಾನಗಿ ಪಡೆದ ಮನೆಗಳೂ ಇವೆ, ಅವಕ್ಕೆ 180 ದಿನದ ಮಿತಿ ಇಲ್ಲ. ಕುಟುಂಬದವರು ಅಂಥದ್ದನ್ನೇ ಮೊದಲು ಹುಡುಕುವುದು ಜಾಣತನ.

ಸಂಖ್ಯೆ ಕಂಡಿತು ಎಂದು ನೆಮ್ಮದಿಯಾಗಬೇಡಿ, ಮೂರು ಕಡೆ ಮೋಸ ಇರಬಹುದು. ಒಂದು, ಸಂಖ್ಯೆಯ ಜಾಗದಲ್ಲಿ "ಅರ್ಜಿ ಹಾಕಿದೆ" ಎಂದಿರುವುದು. ಅರ್ಜಿ ಪರವಾನಗಿಯಲ್ಲ. ಎರಡು, "ವಿನಾಯಿತಿ" ಎಂದಿರುವುದು. ನಿಜವಾದ ವಿನಾಯಿತಿಯೂ ಇರಬಹುದು, ಹಾಗಾಗಿ ಯಾವ ಕಾರಣಕ್ಕೆ ಎಂದು ಕೇಳಿ. ಮೂರು, ಒಂದೇ ಸಂಖ್ಯೆಯನ್ನು ಬೇರೆ ಬೇರೆ ಮನೆಗಳಿಗೆ ಅಂಟಿಸಿರುವುದು. ಆ ಸಂಖ್ಯೆಯನ್ನು ಹಾಗೇ ಸರ್ಚ್‌ಗೆ ಹಾಕಿ. ಇನ್ನೊಂದು ಬೀದಿಯ ಇನ್ನೊಂದು ಮನೆ ಬಂದರೆ ಅಲ್ಲಿಗೆ ಬಿಡಿ. ಕೆಲವು ನಗರಗಳು ಸಂಖ್ಯೆ ಹಾಕಿ ನೋಡುವ ಸಾರ್ವಜನಿಕ ಪಟ್ಟಿಯನ್ನೇ ಕೊಟ್ಟಿವೆ. ಏರ್‌ಬಿಎನ್‌ಬಿ ಬುಕಿಂಗ್ ಖಚಿತವಾಗುವವರೆಗೆ ಪೂರ್ತಿ ವಿಳಾಸ ತೋರಿಸುವುದಿಲ್ಲ. ಆದರೂ ಪಟ್ಟಿಯಲ್ಲಿರುವ ಬಡಾವಣೆ ಮತ್ತು ಮ್ಯಾಪ್‌ನ ವೃತ್ತ ತಾಳೆಯಾಗುತ್ತವಾ ಎಂದು ನೋಡಬಹುದು.

5. ಹೋಸ್ಟ್‌ಗೆ ನೇರವಾಗಿ ಕೇಳಿ, ಬರಹದಲ್ಲಿ

ಕೇಳಲು ಸಂಕೋಚ ಬೇಡ. ಕಾಗದ ಪತ್ರ ಸರಿಯಿರುವ ಹೋಸ್ಟ್‌ಗೆ ಈ ಪ್ರಶ್ನೆ ಇಷ್ಟವೇ ಆಗುತ್ತದೆ. ಆ್ಯಪ್‌ನ ಮೆಸೇಜ್‌ನಲ್ಲೇ ಕೇಳಿ, ಬೇರೆಲ್ಲೂ ಬೇಡ. ಮುಂದೆ ಜಗಳ ಬಂದರೆ ಆ್ಯಪ್‌ನವರು ಮೊದಲು ನೋಡುವುದು ಅಲ್ಲಿನ ಮಾತುಕತೆಯನ್ನೇ. ಹೀಗೆ ಬರೆಯಬಹುದು:

"ನಮಸ್ಕಾರ. ನಾವು ಒಂದು ಕುಟುಂಬ: ನಾಲ್ವರು ದೊಡ್ಡವರು, 7 ವರ್ಷದ ಒಂದು ಮಗು, ಒಂದು ವರ್ಷದ ಒಂದು ಕೂಸು. ಈ ದಿನಾಂಕಗಳಿಗೆ ಇಡೀ ಮನೆ ಬೇಕು. ನಿಮ್ಮ ನೋಂದಣಿ ನಮ್ಮ ದಿನಾಂಕಗಳವರೆಗೂ ಚಾಲ್ತಿಯಲ್ಲಿರುತ್ತದೆಯೇ? ಅದರಲ್ಲಿ ಎಷ್ಟು ಜನಕ್ಕೆ ಅನುಮತಿ ಇದೆ? ವರ್ಷದ ರಾತ್ರಿ ಮಿತಿ ಇದ್ದರೆ ಎಲ್ಲ ಸೈಟ್ ಸೇರಿ ನಮ್ಮ ದಿನಗಳಿಗೆ ಉಳಿದಿದೆಯೇ? ಕಟ್ಟಡದ ಸಂಘದಿಂದ ಅಡ್ಡಿ ಇಲ್ಲವೇ?"

ಉತ್ತರಕ್ಕಿಂತ ಉತ್ತರದ ರೀತಿ ಜಾಸ್ತಿ ಹೇಳುತ್ತದೆ. "ಚಿಂತೆ ಬೇಡ, ಎಲ್ಲರೂ ಹಾಗೇ ಮಾಡ್ತಾರೆ" ಎಂದರೆ ಉತ್ತರ ಬಂದಿಲ್ಲ ಎಂದೇ ಅರ್ಥ. ಇನ್ನು ಈ ಮಾತುಗಳಲ್ಲಿ ಯಾವುದು ಬಂದರೂ ಆ ಮನೆ ಬೇಡ:

- "ಯಾರಾದರೂ ಕೇಳಿದರೆ ನನ್ನ ನೆಂಟರು ಅಂತ ಹೇಳಿ."
- "30 ರಾತ್ರಿಗೆ ಬುಕ್ ಮಾಡಿ, ಆರನೇ ದಿನ ಹೊರಡಿ, ಉಳಿದದ್ದು ವಾಪಸ್ ಕೊಡ್ತೀನಿ."
- "ಇಲ್ಲಿ ಕ್ಯಾನ್ಸಲ್ ಮಾಡಿ ನನ್ನ ಖಾತೆಗೇ ಹಾಕಿ, ಕಡಿಮೆಗೆ ಕೊಡ್ತೀನಿ."
- "ಬುಕಿಂಗ್‌ನಲ್ಲಿ ಇಬ್ಬರು ಅಂತ ಹಾಕಿ, ಬರೋದು ಎಷ್ಟು ಜನ ಆದರೂ ಪರವಾಗಿಲ್ಲ."

ಮೊದಲನೆಯದು ಸುಳ್ಳಿನ ಭಾರವನ್ನು ನಿಮ್ಮ ತಲೆಗೆ ಹಾಕುತ್ತದೆ. ಮಕ್ಕಳಿಗೂ ಸುಳ್ಳು ಹೇಳಿಕೊಡಬೇಕಾಗುತ್ತದೆ ಎನ್ನುವುದನ್ನು ನೆನೆಸಿಕೊಳ್ಳಿ. ಎರಡನೆಯದರಲ್ಲಿ ದುಡ್ಡು ವಾಪಸ್ ಬರುತ್ತದೆ ಎನ್ನುವುದು ಬರೀ ಬಾಯಿಮಾತು. ಮೂರನೆಯದರಲ್ಲಿ ಆ್ಯಪ್‌ನ ರಕ್ಷಣೆ ಪೂರ್ತಿ ಹೋಗುತ್ತದೆ. ನಾಲ್ಕನೆಯದರ ಗತಿ ಮೊದಲ ಹಂತದಲ್ಲೇ ಹೇಳಿದೆ.

6. ಕಟ್ಟಡದ ನಿಯಮ ಬೇರೆ

ನಗರ ಒಪ್ಪಿದರೂ ಅಪಾರ್ಟ್‌ಮೆಂಟ್‌ನ ಮಾಲೀಕರ ಸಂಘ ಒಪ್ಪದಿರಬಹುದು. ಆಗ ಗೇಟಿನ ಕಾವಲುಗಾರ ಒಳಗೆ ಬಿಡುವುದಿಲ್ಲ, ಲಿಫ್ಟ್ ಕಾರ್ಡ್ ಕೆಲಸ ಮಾಡುವುದಿಲ್ಲ, ಈಜುಕೊಳಕ್ಕೆ ಬಿಡುವುದಿಲ್ಲ. ಹಳೇ ಅತಿಥಿಗಳ ವಿಮರ್ಶೆಗಳಲ್ಲಿ ಸೆಕ್ಯುರಿಟಿ, ಪಕ್ಕದ ಮನೆಯವರು, ಗೇಟ್ ಎನ್ನುವ ಪದಗಳನ್ನು ಹುಡುಕಿ. ಐದು ನಕ್ಷತ್ರದ ವಿಮರ್ಶೆಯಲ್ಲೂ "ಒಳಗೆ ಹೋಗುವಾಗ ಸ್ವಲ್ಪ ಗಲಿಬಿಲಿ" ಎಂಬ ಸಾಲು ಅಡಗಿರುತ್ತದೆ. ರಾತ್ರಿಯ ಸದ್ದಿನ ನಿಯಮವನ್ನೂ ಓದಿ, ಮಕ್ಕಳಿರುವ ಮನೆಗೆ ಅದು ಬೇಕೇ ಬೇಕು.

7. ದುಡ್ಡು, ಕ್ಯಾನ್ಸಲ್, ಎರಡನೇ ದಾರಿ

ಕ್ಯಾನ್ಸಲ್ ನಿಯಮ ಓದುವಾಗ ಎಷ್ಟು ದುಡ್ಡು ಎನ್ನುವುದಕ್ಕಿಂತ ಯಾವ ದಿನದವರೆಗೆ ಎನ್ನುವುದನ್ನು ನೋಡಿ, ಆ ದಿನವನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿ. ಅದಕ್ಕೆ ಒಂದು ವಾರ ಮೊದಲು ಲಿಸ್ಟಿಂಗ್ ಇನ್ನೂ ಇದೆಯಾ, ನೋಂದಣಿ ಸಂಖ್ಯೆ ಬದಲಾಗಿಲ್ಲವಾ ಎಂದು ಮತ್ತೆ ನೋಡಿ. ಲಿಸ್ಟಿಂಗ್ ಮಾಯವಾಗಿದ್ದರೆ ಅವತ್ತೇ ಹೋಸ್ಟ್‌ಗೂ ಆ್ಯಪ್‌ಗೂ ಬರೆಯಿರಿ.

ಹೋಸ್ಟ್ ಕ್ಯಾನ್ಸಲ್ ಮಾಡಿದರೆ ದೊಡ್ಡ ಆ್ಯಪ್‌ಗಳು ಸಾಮಾನ್ಯವಾಗಿ ಪೂರ್ತಿ ದುಡ್ಡು ಹಿಂದಿರುಗಿಸುತ್ತವೆ. ಆದರೆ ಅಷ್ಟು ಹೊತ್ತಿಗೆ ಬೇರೆ ಮನೆಗಳ ಬೆಲೆ ಏರಿರುತ್ತದೆ. ಆ ವ್ಯತ್ಯಾಸವನ್ನು ತುಂಬುತ್ತಾರೆಂದು ನಂಬಿ ಕೂರಬೇಡಿ. ರಜೆಯ ಸೀಸನ್‌ನಲ್ಲಿ ಹೋಗುವವರು ದುಡ್ಡು ಕಟ್ಟದೆ ಕ್ಯಾನ್ಸಲ್ ಮಾಡಬಹುದಾದ ಹೋಟೆಲ್ ಕೋಣೆಯೊಂದನ್ನು ಜೊತೆಗೆ ಹಿಡಿದಿಟ್ಟುಕೊಳ್ಳಬಹುದು. ಮನೆ ಖಚಿತವೆನಿಸಿದ ತಕ್ಷಣ ಬಿಟ್ಟುಕೊಡಿ, ಅದು ಇನ್ನೊಂದು ಕುಟುಂಬಕ್ಕೆ ಸಿಗಲಿ.

ಹೋಟೆಲ್ ಮತ್ತು ಮನೆ ನಡುವಿನ ಒಂದು ದಾರಿ ಅಪಾರ್ಟ್‌ಹೋಟೆಲ್: ಅಡುಗೆಮನೆ, ಎರಡು ಕೋಣೆ ಇರುವ ಫ್ಲ್ಯಾಟ್, ಆದರೆ ಪರವಾನಗಿ ಸಾಮಾನ್ಯವಾಗಿ ಹೋಟೆಲ್‌ನದ್ದೇ. ಬಿಗಿ ನಿಯಮದ ಊರುಗಳಲ್ಲಿ ಕುಟುಂಬಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಫೋಟೊದಲ್ಲಿ ಮನೆಯಷ್ಟು ಚೆಂದ ಕಾಣದಿರಬಹುದು, ಬಾಗಿಲಂತೂ ತೆರೆಯುತ್ತದೆ.

ಒಟ್ಟು ಬೆಲೆ ನೋಡುವಾಗ ತೆರಿಗೆಯನ್ನೂ ಸೇರಿಸಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಅಲ್ಪಾವಧಿ ಬಾಡಿಗೆಗೆ 7.5% ಸುಂಕ ಇದೆ. ಯುರೋಪಿನ ಹಲವು ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಇದೆ. ಮಕ್ಕಳಿಗೆ ಎಷ್ಟೋ ಕಡೆ ವಿನಾಯಿತಿ ಇರುವುದರಿಂದ ವಯಸ್ಸು ಸರಿಯಾಗಿ ಹಾಕಿ. ಆ್ಯಪ್‌ನಲ್ಲೇ ತೆರಿಗೆ ಕಟ್ಟಿದ್ದರೆ ಹೋಸ್ಟ್ ಮತ್ತೆ ನಗದು ಕೇಳುವಂತಿಲ್ಲ. ಬಿಲ್ ತೋರಿಸಿ.

8. ದಾಖಲೆಗಳು

ಇಟಲಿ, ಸ್ಪೇನ್‌ನಲ್ಲಿ ಅತಿಥಿಗಳ ವಿವರವನ್ನು ಪೊಲೀಸ್ ಅಥವಾ ಸರ್ಕಾರಿ ವ್ಯವಸ್ಥೆಗೆ ಕೊಡುವುದು ಹೋಸ್ಟ್‌ನ ಕರ್ತವ್ಯ. ಜಪಾನ್‌ನಲ್ಲಿ ವಿದೇಶಿ ಪ್ರವಾಸಿಗರ ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ. ಕೇಳಿದರೆಂದು ಗಾಬರಿ ಬೇಡ. ಅಂಥ ಕಡೆ ಯಾರೂ ಏನೂ ಕೇಳದಿದ್ದರೆ ಮನೆ ನೋಂದಣಿಯಾಗಿಲ್ಲವೇನೋ ಎಂದು ಅನುಮಾನಿಸಿ. ಆದರೆ ಬುಕ್ ಆಗುವ ಮುನ್ನವೇ ವಾಟ್ಸ್‌ಆ್ಯಪ್‌ಗೆ ಎಲ್ಲರ ಪಾಸ್‌ಪೋರ್ಟ್ ಫೋಟೊ ಕಳಿಸಿ ಎಂದರೆ ಕಳಿಸಬೇಡಿ. ಆ್ಯಪ್ ಮೂಲಕ ಅಥವಾ ತಲುಪಿದ ಮೇಲೆ ಕೊಡುತ್ತೇನೆ ಎನ್ನಿ.

ವೀಸಾ ಅರ್ಜಿಯಲ್ಲಿ ಈ ಮನೆಯ ವಿಳಾಸ ಕೊಟ್ಟಿದ್ದು, ನಂತರ ಜಾಗ ಬದಲಾದರೆ ಹೊಸ ಬುಕಿಂಗ್‌ನ ಮುದ್ರಿತ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಗಡಿಯಲ್ಲಿ ಎಲ್ಲಿ ಇರುತ್ತೀರಿ ಎಂದು ಕೇಳಬಹುದು.

9. ಬಾಗಿಲಲ್ಲೇ ತೊಂದರೆಯಾದರೆ

ಕೀ ಸಿಗಲಿಲ್ಲ, ಕಾವಲುಗಾರ ಬಿಡಲಿಲ್ಲ, ಮನೆ ಲಿಸ್ಟಿಂಗ್‌ನದ್ದಲ್ಲ. ಮಕ್ಕಳು ಸುಸ್ತಾಗಿರುತ್ತಾರೆ, ಜಗಳಕ್ಕೆ ಇಳಿಯಬೇಡಿ. ಒಬ್ಬರು ಮಕ್ಕಳನ್ನು ಕರೆದುಕೊಂಡು ಹತ್ತಿರದಲ್ಲಿ ಎಲ್ಲಾದರೂ ಕೂರಲಿ, ಇನ್ನೊಬ್ಬರು ಅಲ್ಲೇ ನಿಂತು ಕೆಲಸ ಮುಗಿಸಲಿ.

ಮೊದಲು ಗೇಟ್, ಬಾಗಿಲು, ಅಂಟಿಸಿರುವ ಸೂಚನೆಗಳ ಫೋಟೊ ತೆಗೆಯಿರಿ. ಆಮೇಲೆ ಆ್ಯಪ್‌ನಲ್ಲಿ ಹೋಸ್ಟ್‌ಗೆ ಮೆಸೇಜ್ ಹಾಕಿ, ಫೋನ್ ಮಾಡಿ. ಅರ್ಧ ಗಂಟೆಯಲ್ಲಿ ದಾರಿ ಕಾಣದಿದ್ದರೆ ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡಿ. ಜಾಗ ಬಿಟ್ಟು ಹೋದ ಮೇಲಲ್ಲ, ಇನ್ನೂ ಅಲ್ಲೇ ಇರುವಾಗ. ಏರ್‌ಬಿಎನ್‌ಬಿಯಲ್ಲಿ ಇಂಥ ತೊಂದರೆ ಕಂಡ 72 ಗಂಟೆಯೊಳಗೆ ತಿಳಿಸಬೇಕು, ಬೇರೆಡೆ ಗಡುವು ಬೇರೆ ಇರುತ್ತದೆ. ಹೋಸ್ಟ್ "ನೀವೇ ಕ್ಯಾನ್ಸಲ್ ಒತ್ತಿ, ದುಡ್ಡು ವಾಪಸ್ ಕಳಿಸ್ತೀನಿ" ಎಂದರೆ ಒತ್ತಬೇಡಿ. ನೀವು ಒತ್ತಿದರೆ ಅದು ಅತಿಥಿಯ ಕ್ಯಾನ್ಸಲ್ ಎಂದು ದಾಖಲಾಗುತ್ತದೆ, ಆ ದಿನಕ್ಕೆ ಸಿಗುವ ದುಡ್ಡು ಸೊನ್ನೆಯೂ ಆಗಬಹುದು. ಅವರೇ ಒತ್ತಲಿ, ಇಲ್ಲವೇ ಸಹಾಯವಾಣಿಯವರು ಮಾಡಲಿ. ಬೇರೆ ಕೋಣೆ ಹಿಡಿಯುವ ಮುನ್ನ ಅದರ ಖರ್ಚನ್ನು ಕೊಡುತ್ತಾರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ, ಆ ರಾತ್ರಿಯ ಟ್ಯಾಕ್ಸಿ ಬಿಲ್ಲನ್ನೂ ಸೇರಿಸಿ ಎಲ್ಲ ರಸೀದಿ ಇಟ್ಟುಕೊಳ್ಳಿ.